ಶಿಶಿಲದ ಕಡೆಯಿಂದ ಹಳ್ಳದ ಜಾಡು ಹಿಡಿದು ಅಮೇದಿಕಲ್ಲು ಏರಬಹುದೇ?

ಕುಮಾರಧಾರೆಯ ದಡದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದೆದುರು ಕಪಿಲಾ ಹೊಳೆಯ ದೇವರ ಮೀನುಗಳನ್ನು ನೋಡಲೆಂದು ಬರುವವರು ಬಹಳ ಮಂದಿ. ಅಲ್ಲಿಂದ ತಲೆಯೆತ್ತಿದರೆ ಕಾಣುವ ಅಮೇದಿಕಲ್ಲು ಬೆಟ್ಟದ ಹೆಸರು ಬಲ್ಲವರು ಅವರಲ್ಲಿ ಕಡಿಮೆ. ಪಕ್ಕದ ಎತ್ತಿನಭುಜಕ್ಕೆ ಘಟ್ಟದ ಮೇಲಿನಿಂದ, ಬೈರಾಪುರದವರೆಗೆ ವಾಹನದಲ್ಲಿ ಬಂದು ಸ್ವಲ್ಪ ನಡೆದು ತಲುಪಬಹುದಾದ್ದರಿಂದ ಅದು ಈಗ ಎಲ್ಲರ ಬಾಯಲ್ಲಿದೆ. ಅಮೇದಿಕಲ್ಲಿಗಾದರೋ ಘಟ್ಟದ ಬುಡದಿಂದ ಸಾವಿರ ಮೀಟರಿನಷ್ಟು ಏರನ್ನು ಕಾಲ್ನಡಿಗೆಯಲ್ಲೇ ತೀರಿಸಬೇಕು. ಅಲ್ಲಿಗೆ ಹೋಗುವವರು ಕಡಿಮೆಯಾಗಿರುವುದಕ್ಕೆ ಇದೇ ಮುಖ್ಯ ಕಾರಣವಿರಬೇಕು.

ಹೋಗಿಬಂದ ಪರಿಚಿತರೆಲ್ಲರೂ ಏಣಿನ, ಅಂದರೆ ಬೆಟ್ಟದ ಬೆನ್ನುಸಾಲಿನ, ದಾರಿಯನ್ನೇ ಹೇಳುತ್ತಾರೆ. ಕಾಡು ದಾಟಿದ ಮೇಲೆ ನೆತ್ತಿಯವರೆಗೂ ಏಣಿನ ಮೇಲೆಯೇ ನಡಿಗೆ, ಆಳೆತ್ತರದ ಹುಲ್ಲು, ಸುಡುವ ಬಿಸಿಲು, ಕುಡಿಯಲು ಎಲ್ಲಿಯೂ ನೀರಿಲ್ಲ ಎಂಬುದು ಅವರೆಲ್ಲರ ಮಾತು. ನಕಾಶೆಯಲ್ಲಿ ನೋಡಿದರೆ ಬೆಟ್ಟದ ಮೈಯಿಂದ ಇಳಿದು ಹೊಳೆ ಸೇರುವ ಒಂದು ಹಳ್ಳ ನೆತ್ತಿಯ ಸಮೀಪದವರೆಗೂ ಮೇಲೆ ಹೋಗಿರುವಂತೆ ಕಾಣುತ್ತದೆ. ಹಳ್ಳದಲ್ಲೇ ಏರಿದರೆ ನೆರಳಿರುತ್ತದೆ, ನೀರಿರುತ್ತದೆ, ದಾರಿ ತಪ್ಪುವ ಭಯವೂ ಇರುವುದಿಲ್ಲ ಎಂಬುದು ನಮ್ಮ ತಂಡದ ಲೆಕ್ಕಾಚಾರ. ಎಲ್ಲರೂ ಚಾರಣದ ಅಭ್ಯಾಸವಿರುವವರೇ. ಬಂಡೆ ಏರುವ ತರಬೇತಿ ಮಾತ್ರ ಯಾರಿಗೂ ಇಲ್ಲ. ಅನುಮತಿಗಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುತ್ತಿದ್ದೇವೆ, ಅದು ಸಿಗದೆ ಹೊರಡುವವರಲ್ಲ. ಈ ಲೆಕ್ಕಾಚಾರ ಸರಿಯೇ, ಸರಿಯಾದರೆ ಯಾವ ತಿಂಗಳು ಸೂಕ್ತ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಘಟ್ಟದಡಿ

ನಿಮ್ಮ ಲೆಕ್ಕದಲ್ಲಿ ನೆರಳು, ನೀರು ಎರಡೂ ಸರಿ. ದಾರಿ ತಪ್ಪುವುದಿಲ್ಲ ಎಂಬ ಮೂರನೆಯದನ್ನು ಒಪ್ಪಲಾರೆ. ಹಳ್ಳದಲ್ಲಿ ಇಳಿಯುವವನಿಗೆ ಕವಲುಗಳು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ, ಅವನು ಆಯ್ಕೆ ಮಾಡಬೇಕಾದ್ದೇನೂ ಇಲ್ಲ. ಏರುವವನಿಗೆ ಪ್ರತಿ ಸಂಗಮದಲ್ಲಿಯೂ ಎಡವೋ ಬಲವೋ ಎಂಬ ಪ್ರಶ್ನೆ ಎದುರಾಗುತ್ತದೆ, ಮತ್ತು ಹೆಚ್ಚು ನೀರಿರುವ ಕವಲೇ ನೆತ್ತಿಗೆ ಹೋಗುವ ಕವಲಾಗಿರಬೇಕೆಂಬ ನಿಯಮವಿಲ್ಲ. ಒಮ್ಮೆ ತಪ್ಪು ಕವಲಿಗೆ ಹೊರಳಿದರೆ, ಎರಡು ಕವಲುಗಳ ನಡುವಿನ ದಿಣ್ಣೆ ಮೇಲೆ ಹೋದಂತೆ ಎತ್ತರವಾಗುತ್ತ ಹೋಗುವುದರಿಂದ, ಅರ್ಧ ಗಂಟೆಯ ಬಳಿಕ ಅಡ್ಡ ದಾಟಿ ಸರಿಯಾದ ಕವಲಿಗೆ ಬರುವುದು ಅಸಾಧ್ಯವೆನ್ನುವಷ್ಟು ಕಷ್ಟವಾಗುತ್ತದೆ.

ಘಟ್ಟದ ಪಶ್ಚಿಮದ ಇಳಿಜಾರಿನ ಹಳ್ಳಗಳೆಲ್ಲದರ ಸ್ವಭಾವ ಹೆಚ್ಚುಕಡಿಮೆ ಒಂದೇ. ಬುಡದ ಭಾಗದಲ್ಲಿ, ತೋಟಗಳ ಅಂಚು ದಾಟಿದ ಮೇಲೆ, ಹಳ್ಳ ಅಗಲವಾಗಿರುತ್ತದೆ. ಉರುಟು ಕಲ್ಲುಗಳ ನಡುವೆ ಅಲ್ಲಲ್ಲಿ ಗುಂಡಿಗಳಿರುತ್ತವೆ. ನಡಿಗೆ ನಿಧಾನವಾದರೂ ಹಿತವಾಗಿರುತ್ತದೆ, ಮತ್ತು ಇಲ್ಲಿ ಹಳ್ಳ ನಿಜವಾಗಿಯೂ ದಾರಿಯ ಕೆಲಸ ಮಾಡುತ್ತದೆ. ತೊಂದರೆ ಶುರುವಾಗುವುದು ನಡುಭಾಗದಲ್ಲಿ. ಅಲ್ಲಿ ಎರಡೂ ದಂಡೆಗಳು ಹತ್ತಿರವಾಗಿ, ಹಳ್ಳ ಕಲ್ಲಿನ ಗೋಡೆಗಳ ನಡುವೆ ಸಿಕ್ಕಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಅಬ್ಬಿಗಳಾಗಿ ಬೀಳುತ್ತದೆ. ಹತ್ತಾಳು ಎತ್ತರದ ಅಬ್ಬಿ ಎದುರಾದರೆ ಹಿಂತಿರುಗುವ ಬುದ್ಧಿ ಯಾರಿಗಾದರೂ ಬರುತ್ತದೆ. ಅಪಾಯ ಇರುವುದು ಎರಡಾಳು ಎತ್ತರದ ಸಣ್ಣ ಮೆಟ್ಟಿಲುಗಳಲ್ಲಿ. ಬೇರು ಹಿಡಿದು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತು ಅದನ್ನು ಹೇಗೋ ಹತ್ತಿಬಿಡುತ್ತಾರೆ, ಅದರ ಮೇಲಿನದನ್ನೂ ಹಾಗೆಯೇ ಹತ್ತುತ್ತಾರೆ, ಮೂರನೆಯದು ಹತ್ತಲಾಗದೆ ನಿಂತಾಗಲಷ್ಟೇ ಕೆಳಗಿನ ಎರಡನ್ನೂ ಇಳಿಯಲು ತಮ್ಮಿಂದಾಗದು ಎಂಬುದು ಅರಿವಾಗುತ್ತದೆ. ಏರುವಾಗ ಹಿಡಿ ಕಣ್ಣೆದುರಿಗೇ ಇರುತ್ತದೆ, ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ಆದ್ದರಿಂದ ಹಗ್ಗವಿಲ್ಲದೆ ಇಳಿಯಬಲ್ಲೆನೆಂಬ ಧೈರ್ಯವಿಲ್ಲದ ಯಾವ ಬಂಡೆಯನ್ನೂ ಹತ್ತಬಾರದು.

ಅದಕ್ಕೂ ಮೇಲೆ, ಹಳ್ಳದ ತಲೆಯಲ್ಲಿ, ನೀರು ನೆಲದೊಳಗೆ ಮಾಯವಾಗಿ ಕಡಿದಾದ ಕಾಡಿನ ಕೊರಕಲಷ್ಟೇ ಉಳಿಯುತ್ತದೆ. ವಾಟೆಬಿದಿರಿನ ಹಿಂಡು, ಬೆತ್ತದ ಪೊದೆ, ಜಾರುವ ತರಗೆಲೆ ಇವುಗಳ ನಡುವೆ ಕತ್ತಿ ಬೀಸದೆ ಮುಂದೆ ಹೋಗಲಾಗದು, ಮೀಸಲು ಅರಣ್ಯದಲ್ಲಿ ಕತ್ತಿ ಬೀಸುವಂತೆಯೂ ಇಲ್ಲ. ಬೆತ್ತದ ಕೊಕ್ಕೆಮುಳ್ಳು ಬಟ್ಟೆಗೆ ಸಿಕ್ಕಿದರೆ ಮುಂದಕ್ಕೆ ಎಳೆಯಬಾರದು, ಹಿಂದೆ ಸರಿದು ಬಿಡಿಸಿಕೊಳ್ಳಬೇಕು. ಇದನ್ನು ಅರಿಯದ ತಂಡ ಅಲ್ಲಿ ನೂರು ಮೀಟರ್ ದಾಟುವುದರೊಳಗೆ ಅಂಗಿಯನ್ನೂ ತಾಳ್ಮೆಯನ್ನೂ ಕಳೆದುಕೊಂಡಿರುತ್ತದೆ.

ಹೀಗಾಗಿ ನನ್ನ ಸಲಹೆಯೆಂದರೆ, ಬುಡದ ಭಾಗಕ್ಕೆ ಮಾತ್ರ ಹಳ್ಳವನ್ನು ನಂಬಿ, ದಂಡೆಗಳು ಹತ್ತಿರವಾಗತೊಡಗುವ ಮೊದಲೇ ಪಕ್ಕದ ಏಣಿನ ಮೇಲಕ್ಕೆ ಏರಿಬಿಡಿ. ನೀರಿನ ಬಾಟಲಿಗಳನ್ನೆಲ್ಲ ಅಲ್ಲಿಯೇ ತುಂಬಿಸಿಕೊಂಡರೆ ಏಣಿನ ದಾರಿಯ ದೊಡ್ಡ ಕೊರತೆ ಅರ್ಧ ನೀಗಿದಂತೆಯೇ.

ಬೆಟ್ಟಗುಡ್ಡದ ಹುಚ್ಚ

ಘಟ್ಟದಡಿಯವರ ಮಾತಿನಲ್ಲಿ ಗೌರವವಿಟ್ಟೇ ಒಂದು ತಕರಾರು. ಗೊತ್ತಿಲ್ಲದ ಬೆಟ್ಟಕ್ಕೆ ನೀರಿನ ದಾರಿಯಲ್ಲೇ ಹೋಗುವುದು ಪರ್ವತಾರೋಹಣದಲ್ಲಿ ಹಳೆಯ ಪದ್ಧತಿ. 7816 ಮೀಟರ್ ಎತ್ತರದ ನಂದಾದೇವಿಯ ಸುತ್ತಲಿನ ಪರ್ವತಕೋಟೆಯೊಳಕ್ಕೆ ಹೋಗಲು ಬೇರೆಲ್ಲ ಕಡೆಯಿಂದ ಯತ್ನಿಸಿದವರು ಸೋತ ಮೇಲೆ, 1934ರಲ್ಲಿ ಬ್ರಿಟಿಷ್ ಪರ್ವತಾರೋಹಿಗಳಾದ ಶಿಪ್ಟನ್ ಮತ್ತು ಟಿಲ್ಮನ್ ಮೂವರು ಶೆರ್ಪಾಗಳೊಂದಿಗೆ ಋಷಿಗಂಗೆಯ ಕೊರಕಲನ್ನು ಹಿಡಿದೇ ಒಳಹೊಕ್ಕರು. 1936ರಲ್ಲಿ ಟಿಲ್ಮನ್ ಮತ್ತು ಓಡೆಲ್ ಶಿಖರ ಮುಟ್ಟಿದ್ದು ಹಾಗೆ ತೆರೆದ ದಾರಿಯಿಂದ. ನಮ್ಮ ಘಟ್ಟದಲ್ಲಿಯೂ ಕೊಡಚಾದ್ರಿಗೆ ಹಿಡ್ಲುಮನೆ ಅಬ್ಬಿಗಳ ಪಕ್ಕದಲ್ಲೇ ಜನ ಏರುತ್ತಾರಲ್ಲ? ಹಳ್ಳವನ್ನು ಬುಡದಲ್ಲೇ ಬಿಟ್ಟುಬಿಡಿ ಎನ್ನುವುದು ಅತಿ ಎಚ್ಚರಿಕೆಯಾಗುವುದಿಲ್ಲವೇ?

ನಕಾಶೆಪ್ರಿಯ

ಋಷಿಗಂಗೆಯ ಉದಾಹರಣೆ ಘಟ್ಟದಡಿಯವರ ಮಾತನ್ನೇ ಗಟ್ಟಿ ಮಾಡುತ್ತದೆ. ಆ ತಂಡ ಕೊರಕಲಿನ ಇಕ್ಕಟ್ಟಾದ ಭಾಗದಲ್ಲಿ ನೀರಿನ ಮಟ್ಟದಲ್ಲೇ ನಡೆಯಲಾಗದೆ, ನದಿಯಿಂದ ಬಹಳ ಎತ್ತರದಲ್ಲಿ ಗೋಡೆಯ ಮೈಯಲ್ಲಿನ ಅಂಚುಗಳನ್ನು ಹುಡುಕಿಕೊಂಡು ಮುಂದುವರಿಯಿತು. ಕಣಿವೆ ದಿಕ್ಕು ತೋರಿಸಿತು, ಕಾಲು ಮಾತ್ರ ಬೇರೆ ಕಡೆ ಇತ್ತು. ಹಿಡ್ಲುಮನೆಯಲ್ಲಿಯೂ ಅಬ್ಬಿಗಳ ಪಕ್ಕದಲ್ಲಿ ಜನರು ಸವೆಸಿದ ಕಾಲುದಾರಿ ಇರುವುದರಿಂದ ಅದು ಹಳ್ಳದ ಚಾರಣ ಎನಿಸಿಕೊಂಡಿದೆಯಷ್ಟೆ.

ಪ್ರಶ್ನೆ ಕೇಳಿದವರಿಗೆ ನಕಾಶೆಯ ಬಗ್ಗೆ ಕೆಲವು ಮಾತು. ನೀವು ನೋಡಿರುವುದು ಮೊಬೈಲಿನ ಆ್ಯಪ್ ಆಗಿದ್ದರೆ, ಅದರಲ್ಲಿನ ಎತ್ತರದ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಬಹುಮಟ್ಟಿಗೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಮಾಹಿತಿಯಿಂದ ಬಂದಿರುತ್ತವೆ. ಅದರ ಒಂದೊಂದು ಚೌಕ ಸುಮಾರು 30 ಮೀಟರಿನದು. ಹತ್ತು ಮೀಟರ್ ಅಗಲದ ಕೊರಕಲು ಆ ಚೌಕದೊಳಗೆ ಕರಗಿಹೋಗುತ್ತದೆ. ಸಾಲದ್ದಕ್ಕೆ ದಟ್ಟ ಕಾಡಿರುವಲ್ಲಿ ರೇಡಾರಿನ ಅಲೆಗಳು ನೆಲದವರೆಗೆ ಪೂರ್ತಿ ಇಳಿಯದೆ ಮರಗಳ ಮೇಲ್ಭಾಗವನ್ನೇ ನೆಲವೆಂದು ಅಳೆದಿರುವುದೂ ಉಂಟು. ಆದ್ದರಿಂದ ಆ್ಯಪಿನಲ್ಲಿ ನುಣ್ಣಗೆ ಕಾಣುವ ಕಣಿವೆ ನೆಲದ ಮೇಲೆ ಹಾಗಿರಬೇಕಾಗಿಲ್ಲ.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆ ಇದಕ್ಕಿಂತ ವಿಶ್ವಾಸಾರ್ಹ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಅರ್ಧ ಕಿಲೋಮೀಟರ್, ಎತ್ತರದ ಗೆರೆಗಳ ನಡುವಿನ ಅಂತರ 20 ಮೀಟರ್. ವರ್ಷವಿಡೀ ನೀರಿರುವ ಹೊಳೆಗಳನ್ನು ನೀಲಿಯಲ್ಲೂ ಬತ್ತಿಹೋಗುವವನ್ನು ಕಪ್ಪಿನಲ್ಲೂ ತೋರಿಸಿರುವುದರಿಂದ ನೀರು ಎಲ್ಲಿಯವರೆಗೆ ಸಿಗಬಹುದೆಂದು ಅಂದಾಜು ಮಾಡಬಹುದು. ಗೆರೆಗಳು ಹಳ್ಳವನ್ನು ದಾಟುವಲ್ಲಿ ಅವುಗಳ ಮೂತಿ ಮೇಲಕ್ಕೆ ಚೂಪಾಗಿರುತ್ತದೆ, ಏಣನ್ನು ದಾಟುವಲ್ಲಿ ಕೆಳಕ್ಕೆ. ಹಳ್ಳದ ಉದ್ದಕ್ಕೂ ಈ ಮೂತಿಗಳ ನಡುವಿನ ಅಂತರವನ್ನು ಅಳೆಯುತ್ತ ಹೋಗಿ. ಎರಡು ಮಿಲಿಮೀಟರ್ ಇದ್ದಲ್ಲಿ ಆರಾಮ. ಅರ್ಧ ಮಿಲಿಮೀಟರಿಗೆ ಇಳಿದಲ್ಲಿ ಹಳ್ಳದ ತಳವೇ ಸುಮಾರು 39 ಡಿಗ್ರಿ ಓರೆಯಾಗಿದೆ ಎಂದರ್ಥ, ಅಂಥಲ್ಲಿ ಅಬ್ಬಿ ಇಲ್ಲದಿರುವುದು ಅಪರೂಪ. ಅಂತರ ಸಾಕಷ್ಟಿದೆಯೆಂದು ಪೂರ್ತಿ ನಂಬುವಂತೆಯೂ ಇಲ್ಲ, ಏಕೆಂದರೆ 15 ಮೀಟರ್ ಎತ್ತರದ ನೆಟ್ಟನೆಯ ಬಂಡೆಯೊಂದು 20 ಮೀಟರಿನ ಎರಡು ಗೆರೆಗಳ ನಡುವೆ ನಕಾಶೆಗೆ ಸುಳಿವೇ ಕೊಡದೆ ಅಡಗಿರಬಹುದು.

ಹೊರಡುವ ಮೊದಲೇ ಪ್ರತಿ ಸಂಗಮದ ಎತ್ತರವನ್ನೂ ತೆಗೆದುಕೊಳ್ಳಬೇಕಾದ ಕವಲಿನ ದಿಕ್ಕನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೊರಕಲಿನ ತಳದಲ್ಲಿ, ಮರಗಳ ಕೆಳಗೆ, ಉಪಗ್ರಹದ ಸಂಕೇತಗಳು ಗೋಡೆಗಳಿಗೆ ಬಡಿದು ಬರುವುದರಿಂದ ಮೊಬೈಲು ತೋರಿಸುವ ಚುಕ್ಕೆ ಪಕ್ಕದ ಕವಲಿಗೆ ಜಿಗಿಯುವುದುಂಟು. ಅಂಥ ಹೊತ್ತಿನಲ್ಲಿ ಕವಲಿನ ಬಾಯಲ್ಲಿ ನಿಂತು ದಿಕ್ಸೂಚಿ ಹಿಡಿದು ನೋಡುವುದೇ ಹೆಚ್ಚು ಖಚಿತ.

ನಿವೃತ್ತ ಅರಣ್ಯ ರಕ್ಷಕ

ಅನುಮತಿ ಪಡೆದೇ ಹೋಗುತ್ತೇವೆ ಎಂದು ಮೊದಲೇ ಬರೆದಿರುವುದು ಸಂತೋಷ. ಆ ಪತ್ರದಲ್ಲಿ ಯಾವ ದಾರಿ ಎಂದು ನಮೂದಾಗಿದೆಯೋ ಅದೇ ದಾರಿಗೆ ಅನುಮತಿ ಎಂಬುದನ್ನೂ ನೆನಪಿಡಿ. ಏಣಿನ ದಾರಿಗೆ ಒಪ್ಪಿಗೆ ಪಡೆದು ಹಳ್ಳದಲ್ಲಿ ಏರಿದರೆ, ಏನಾದರೂ ಅನಾಹುತವಾದಾಗ ಹುಡುಕುವವರು ಇನ್ನೊಂದು ಮಗ್ಗುಲಲ್ಲಿ ಹುಡುಕುತ್ತಿರುತ್ತಾರೆ. ಇಲಾಖೆ ಹಳ್ಳದ ದಾರಿಗೆ ಒಪ್ಪದಿದ್ದರೆ ವಾದಿಸದೆ ಏಣಿನಲ್ಲೇ ಹೋಗಿ, ಅಥವಾ ಆ ವರ್ಷ ಬಿಟ್ಟುಬಿಡಿ. ಊರಿನವರೊಬ್ಬರನ್ನು, ಇಲಾಖೆ ಸೂಚಿಸಿದವರನ್ನು, ಜತೆಗೆ ಕರೆದೊಯ್ಯುವುದು ಕಡ್ಡಾಯವೆಂದೇ ತಿಳಿಯಿರಿ.

ತಿಂಗಳಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಾತೇ ಇಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ನೀವಿರುವಲ್ಲಿ ಬಿಸಿಲಿದ್ದರೂ ನೆತ್ತಿಯ ಮೇಲೆ ಅರ್ಧ ಗಂಟೆ ಸುರಿದರೆ ಸಾಕು, ಕೊರಕಲಿನಲ್ಲಿ ನೀರು ಒಮ್ಮೆಗೇ ಏರುತ್ತದೆ. ತಿಳಿನೀರು ಕದಡತೊಡಗುವುದು, ತರಗೆಲೆ ಕಡ್ಡಿಗಳು ತೇಲಿಬರುವುದು, ಸದ್ದಿನ ಧಾಟಿ ಬದಲಾಗುವುದು, ಈ ಮೂರರಲ್ಲಿ ಒಂದು ಕಂಡರೂ ಮರುಯೋಚಿಸದೆ ದಂಡೆಯ ಮೇಲೆ ಹತ್ತಬೇಕು. ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಕಾಲ ಬರುವುದರಿಂದ ಇಲಾಖೆ ಸಾಮಾನ್ಯವಾಗಿ ಚಾರಣ ನಿಲ್ಲಿಸುತ್ತದೆ. ಉಳಿಯುವುದು ಡಿಸೆಂಬರ್ ನಡುವಿನಿಂದ ಜನವರಿಯ ಕೊನೆಯವರೆಗಿನ ಕಾಲ. ಹಳ್ಳದಲ್ಲಿ ಆಗಲೂ ನೀರಿರುತ್ತದೆ, ಬಂಡೆಗಳು ಮಾತ್ರ ತಕ್ಕಮಟ್ಟಿಗೆ ಒಣಗಿರುತ್ತವೆ.

ಆನೆಗಳ ವಿಷಯ. ಆ ಭಾಗದಲ್ಲಿ ಅವುಗಳ ಓಡಾಟವಿದೆ, ಮತ್ತು ನೀರಿರುವಲ್ಲಿಗೇ ಅವು ಬರುತ್ತವೆ. ಏಣಿನ ಮೇಲಿನ ಚಾರಣಿಗನಿಗೆ ದೂರದಿಂದಲೇ ಕಾಣುತ್ತದೆ, ಕೇಳುತ್ತದೆ. ಹಳ್ಳದಲ್ಲಿ ನೀರಿನ ಸದ್ದಿನಿಂದಾಗಿ ಕೊಂಬೆ ಮುರಿಯುವುದು ನಿಮಗೆ ಕೇಳುವುದಿಲ್ಲ, ನಿಮ್ಮ ಮಾತು ಆನೆಗೂ ಕೇಳುವುದಿಲ್ಲ. ತಿರುವಿನಲ್ಲಿ ಎದುರಾದರೆ ಎರಡೂ ಕಡೆ ಗೋಡೆ, ಓಡಲು ಜಾಗವಿಲ್ಲ. ಬೆಳಿಗ್ಗೆ ಬಿಸಿಲು ಏರಿದಂತೆ ಗಾಳಿ ಕಣಿವೆಯಲ್ಲಿ ಮೇಲ್ಮುಖವಾಗಿ ಬೀಸುವುದರಿಂದ ನಿಮ್ಮ ವಾಸನೆ ನಿಮಗಿಂತ ಮುಂದೆ ಹೋಗಿ ಪ್ರಾಣಿಗಳನ್ನು ಸರಿಸುತ್ತದೆ. ಸಂಜೆಯಾದಂತೆ ತಣ್ಣನೆಯ ಗಾಳಿ ಕೆಳಮುಖವಾಗುತ್ತದೆ, ಆಗ ಕೆಳಗಿನಿಂದ ಮೇಲೆ ಬರುವವನ ಸುಳಿವು ಪ್ರಾಣಿಗೆ ಸಿಗುವುದಿಲ್ಲ. ಹಸಿ ಲದ್ದಿ ಕಂಡಲ್ಲಿಂದ ಮುಂದೆ ಹೋಗಬೇಕೋ ಬೇಡವೋ ಎಂಬುದನ್ನು ಜತೆಗಿರುವ ಊರಿನವರಿಗೇ ಬಿಡಿ.

ಇನ್ನೊಂದು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ, ದಿಡುಪೆ ಭಾಗದಲ್ಲಿ ಗುಡ್ಡ ಕುಸಿದು ಹಳ್ಳಗಳು ಮರಗಳನ್ನೂ ಬಂಡೆಗಳನ್ನೂ ಹೊತ್ತು ತಂದು ತೋಟಗಳ ಮೇಲೆ ಹರಡಿದ್ದನ್ನು ಈ ತಾಲೂಕಿನವರು ಮರೆತಿಲ್ಲ. ಘಟ್ಟದ ಈ ಮಗ್ಗುಲಿನಲ್ಲಿ ಒಂದೊಂದು ದೊಡ್ಡ ಮಳೆಗೂ ಹಳ್ಳದ ತಳ ಬದಲಾಗುತ್ತದೆ. ಹಳೆಯ ಚಾರಣದ ವಿವರಣೆಗಳಲ್ಲಿ ದೊಡ್ಡ ಬಂಡೆಯ ಎಡಕ್ಕೆ ತಿರುಗಿ ಎಂದಿದ್ದರೆ ಆ ಬಂಡೆ ಈಗ ಅಲ್ಲಿರುತ್ತದೆಂಬ ಖಾತ್ರಿಯಿಲ್ಲ.

ಕುಮಾರಧಾರೆಯ ದಡದವ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸರ್ವೇಕ್ಷಣಾ ಇಲಾಖೆಯ ಹಾಳೆ ತರಿಸಿಕೊಂಡು ನೋಡಿದೆವು. ಬುಡದಿಂದ ಒಂದಷ್ಟು ದೂರದವರೆಗೆ ಗೆರೆಗಳು ಬಿಡಿಬಿಡಿಯಾಗಿದ್ದು, ಎರಡು ಕವಲುಗಳು ಸೇರುವ ಜಾಗದಿಂದಾಚೆ ಒತ್ತೊತ್ತಾಗಿವೆ. ಹಾಗಾದರೆ ಆ ಸಂಗಮದಲ್ಲಿ, ಎರಡು ಕವಲುಗಳ ನಡುವಿನ ಮೂಗಿನಂಥ ದಿಣ್ಣೆಯನ್ನೇ ಹಿಡಿದು ಏಣು ಸೇರುವುದು ಸರಿಯಾಗುತ್ತದೆಯೇ? ಕಾಲಿಗೆ ಏನು ತೊಡಬೇಕು, ಉಂಬಳಕ್ಕೆ (ಜಿಗಣೆಗೆ) ಏನು ಮಾಡಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಊರಿನ ವೈದ್ಯೆ

ಜನವರಿಯಲ್ಲಿ ಉಂಬಳದ ಕಾಟ ಮಳೆಗಾಲದಷ್ಟಿರುವುದಿಲ್ಲ, ಆದರೂ ಹಳ್ಳದ ದಂಡೆಯ ತೇವದಲ್ಲಿ ಇದ್ದೇ ಇರುತ್ತದೆ. ಕಾಲುಚೀಲದ ಮೇಲೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುವ ಮಲೆನಾಡಿನ ಪದ್ಧತಿ ಸಾಕು. ಅದು ಕಚ್ಚಿದರೆ ರಕ್ತ ಹೋಗುತ್ತದೆಯೇ ಹೊರತು ಭಯಪಡಬೇಕಾದ್ದಿಲ್ಲ.

ಭಯಪಡಬೇಕಾದ್ದು ಉಣ್ಣಿಗೆ. ಉಣ್ಣಿ ಕಚ್ಚುವುದರಿಂದ ಹರಡುವ ಮಂಗನಕಾಯಿಲೆಯನ್ನು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದರಿಂದ ಅದು ಶಿವಮೊಗ್ಗ ಜಿಲ್ಲೆಯದು ಎಂದು ಹಲವರು ಭಾವಿಸಿದ್ದಾರೆ. 1982ರಿಂದ ಬೆಳ್ತಂಗಡಿ ತಾಲೂಕಿನಲ್ಲಿಯೇ ಅದು ಜೀವಗಳನ್ನು ತೆಗೆದುಕೊಂಡಿದೆ. ಮರಿ ಉಣ್ಣಿಗಳು ಹೆಚ್ಚಾಗಿರುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ನಿಮಗೆ ಸೂಚಿಸಿರುವ ಚಾರಣದ ಕಾಲದಲ್ಲಿಯೇ, ಮತ್ತು ಅವು ಸಾಸಿವೆಯಷ್ಟೂ ದಪ್ಪವಿರುವುದಿಲ್ಲ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣ್ಣಿಯನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆ ಜಾಗವನ್ನು ಇಲಾಖೆಗೆ ತಿಳಿಸಿ ಹಿಂತಿರುಗಿ. ಚಾರಣದ ಬಳಿಕ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಕಾಲಿನ ಗಾಯವನ್ನು ಮುಚ್ಚದೆ ನೀರಿನಲ್ಲಿ ನಡೆದವರಿಗೆ ಇಲಿಜ್ವರದ ಸಾಧ್ಯತೆಯೂ ಇರುವುದರಿಂದ ಈ ಮಾಹಿತಿ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಘಟ್ಟದಡಿ

ಕವಲುಗಳ ನಡುವಿನ ದಿಣ್ಣೆಯನ್ನು ಹಿಡಿಯುವ ಆಲೋಚನೆ ಒಳ್ಳೆಯದೇ, ಆದರೆ ಅದರ ತುದಿ ಬಹುತೇಕ ಕಡೆಗಳಲ್ಲಿ ಎರಡೂ ನೀರುಗಳು ಕೊರೆದು ಕಡಿದಾಗಿರುತ್ತದೆ. ಸಂಗಮಕ್ಕೆ ನೂರಿನ್ನೂರು ಮೀಟರ್ ಮೊದಲೇ ಹೊರದಂಡೆಯಲ್ಲಿ ಇಳಿಜಾರು ಸೌಮ್ಯವಾಗಿರುವ ಜಾಗ ಕಂಡರೆ ಅಲ್ಲೇ ಬಿಡಿ. ಆ ಬದಿಯ ಏಣು ಮೇಲೆ ಮುಖ್ಯ ಏಣನ್ನೇ ಸೇರುತ್ತದೆಯೇ ಎಂಬುದನ್ನು ಮಾತ್ರ ಹಾಳೆಯಲ್ಲಿ ಖಚಿತಪಡಿಸಿಕೊಂಡಿರಬೇಕು. ಕಾಟಿಗಳು (ಕಾಡುಕೋಣಗಳು) ಓಡಾಡಿ ಸವೆಸಿದ ಜಾಡು ಸಿಕ್ಕರೆ ಅದು ಸಾಮಾನ್ಯವಾಗಿ ಇಳಿಜಾರಿನ ಅತಿ ಸುಲಭದ ಮಾರ್ಗದಲ್ಲೇ ಇರುತ್ತದೆ.

ಪಾದರಕ್ಷೆಗೆ, ಎತ್ತರದ ಚರ್ಮದ ಬೂಟು ಬೇಡ. ಒಮ್ಮೆ ನೀರು ತುಂಬಿದರೆ ದಿನವಿಡೀ ಭಾರ ಹೊರುತ್ತೀರಿ. ಬೇಗ ಬಸಿಯುವ, ಮೆದು ರಬ್ಬರಿನ ಅಟ್ಟೆಯ ಶೂ ಸಾಕು. ಯಾವ ಅಟ್ಟೆಯೂ ನೀರಿನಂಚಿನ ಕಪ್ಪು ಲೋಳೆಯ ಮೇಲೆ ನಿಲ್ಲುವುದಿಲ್ಲವಾದ್ದರಿಂದ ಬಿಳಿಚಿಕೊಂಡ, ಒರಟು ಮೈಯ ಕಲ್ಲುಗಳನ್ನೇ ಆರಿಸಿ ಕಾಲಿಡಿ, ಕಲ್ಲಿನಿಂದ ಕಲ್ಲಿಗೆ ಜಿಗಿಯುವ ಆಸೆ ಬೇಡ.

ಸಮಯದ ಬಗ್ಗೆ ಹೇಳದಿದ್ದರೆ ಈ ಉತ್ತರ ಅಪೂರ್ಣ. ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ ಗಂಟೆಗೆ ಐದು ಕಿಲೋಮೀಟರ್, ಜತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಎಂದು ಚಾರಣಿಗರು ಎಣಿಸುತ್ತಾರೆ. ಹಳ್ಳದ ಕಲ್ಲುಗಳ ಮೇಲೆ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ನಿಮ್ಮದು ಚುರುಕಿನ ತಂಡ ಎಂದೇ ಹೇಳುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ಹಳ್ಳದ ಬಾಯಲ್ಲಿರಬೇಕು. ಹತ್ತು ಗಂಟೆಯೊಳಗೆ ಏಣನ್ನು ಏರಿರದಿದ್ದರೆ, ಅಥವಾ ನೆತ್ತಿ ಎಷ್ಟೇ ಸಮೀಪವಿದ್ದರೂ ಮಧ್ಯಾಹ್ನ ಹನ್ನೆರಡೂವರೆ ಆಗಿಬಿಟ್ಟರೆ, ಹಿಂತಿರುಗಿ. ಜನವರಿಯಲ್ಲಿ ಬಯಲಿನಲ್ಲಿ ಆರು ಗಂಟೆಯವರೆಗೂ ಬೆಳಕಿದ್ದರೂ ಕಾಡಿನ ಕಣಿವೆಯಲ್ಲಿ ಐದಕ್ಕೇ ಮಬ್ಬು ಕವಿಯುತ್ತದೆ.

ಇಳಿಯಲು ಹಳ್ಳವನ್ನು ಬಳಸಲೇಬೇಡಿ. ದಣಿದ ಕಾಲು, ಸಂಜೆಯ ಮಬ್ಬು, ನೀರು ಕುಡಿಯಲು ಬರುವ ಪ್ರಾಣಿಗಳು, ಮೇಲಿನಿಂದ ನೋಡಿದಾಗ ಅಬ್ಬಿಯ ಅಂಚು ಕೊನೆಯ ಹೆಜ್ಜೆಯವರೆಗೂ ಕಾಣದಿರುವುದು, ಇವೆಲ್ಲವೂ ಒಟ್ಟಿಗೆ ಸೇರುವುದು ಅಲ್ಲಿಯೇ. ನೆತ್ತಿಯಿಂದ ಎಲ್ಲರೂ ಬಳಸುವ ಏಣಿನ ದಾರಿಯಲ್ಲೇ ಶಿಶಿಲಕ್ಕೆ ಇಳಿಯಿರಿ. ಏಣು ಕೆಳಗೆ ಕವಲೊಡೆಯುವ ಪ್ರತಿ ಜಾಗವನ್ನೂ ಮೇಲೆ ಹೋಗುವಾಗಲೇ ಹಿಂತಿರುಗಿ ನೋಡಿ ಗುರುತಿಟ್ಟುಕೊಳ್ಳುವ ಅವಕಾಶ ನಿಮಗಿರುವುದು ನೀವು ಏಣು ಸೇರಿದ ಜಾಗದಿಂದ ಮೇಲಕ್ಕಷ್ಟೆ. ಅದರಿಂದ ಕೆಳಗಿನ ಭಾಗ ಗೊತ್ತಿರುವ ಊರಿನವರೇ ಇಳಿಯುವಾಗ ಮುಂದೆ ನಡೆಯಲಿ. ಕಣಿವೆಯಲ್ಲಿ ಮೊಬೈಲಿಗೆ ಸಂಪರ್ಕ ಸಿಗದು. ಏಣಿನ ಮೇಲೆ ಸಿಕ್ಕಿದರೆ ಅಲ್ಲಿಂದಲೇ ಕೆಳಗಿರುವವರಿಗೆ ಇಳಿಯಲು ಹೊರಟ ಸಮಯವನ್ನು ತಿಳಿಸಿಬಿಡಿ, ರಾತ್ರಿ ಎಂಟರೊಳಗೆ ನಿಮ್ಮಿಂದ ಕರೆ ಬರದಿದ್ದರೆ ಅವರು ವಲಯ ಕಚೇರಿಗೂ 112ಕ್ಕೂ ಕರೆ ಮಾಡಬೇಕೆಂದು ಮೊದಲೇ ಮಾತಾಗಿರಲಿ.